ಅವ್ವನ ಗಿಡಕ್ಕೆ ನೀರು ಹಾಕಿದವರು ಯಾರು?

"ಕೈ ತಗೀರಿ. ಅದನ್ನ ಮುಟ್ಟಬ್ಯಾಡ್ರಿ."

ಸೃಷ್ಟಿ ಕೂಗಿದ ರಭಸಕ್ಕೆ ನರ್ಸರಿಯ ಗೇಟಿನ ಬಳಿ ಮಲಗಿದ್ದ ನಾಯಿ ಎದ್ದು ಆಚೆ ಹೋಯಿತು. ಆದರೆ ಆ ಮನುಷ್ಯ ಮಾತ್ರ ಕೇಳಲಿಲ್ಲ. ಬಿಳಿ ಪಿಂಗಾಣಿ ಕುಂಡವನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಕತ್ತಿಯಂಥ ಎಲೆಗಳ ಸ್ನೇಕ್ ಪ್ಲಾಂಟಿನ ಬುಡ ಹಿಡಿದು, ಒಂದೇ ಎಳೆತಕ್ಕೆ ಬೇರುಸಮೇತ ಹೊರಗೆ ತೆಗೆದುಬಿಟ್ಟ.

ಮೇ ತಿಂಗಳ ಬಿಸಿಲಲ್ಲಿ ಬೆಳಗಾವಿಯಿಂದ ಖಾನಾಪುರದವರೆಗೆ ಸ್ಕೂಟಿಯ ಮೇಲೆ ಕಾಲುಗಳ ನಡುವೆ ಅವುಚಿಕೊಂಡು ತಂದ ಗಿಡ ಅದು. ಅವಳ ಅವ್ವ ಮಾಲಾ ನೆಟ್ಟ ಗಿಡ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಹಳೆಯ ಬಾಡಿಗೆ ಮನೆಯ ಹಿತ್ತಲಿನ ಗಿಡಗಳೆಲ್ಲ ಅಲ್ಲಿಯೇ ಉಳಿದವು. ಶಿವಬಸವ ನಗರದ ಮೂರನೇ ಮಹಡಿಯ ಫ್ಲಾಟಿಗೆ ಬಂದದ್ದು ಇದೊಂದೇ. ಅವ್ವನ ಕೈ ಮುಟ್ಟಿದ್ದರಲ್ಲಿ ಇನ್ನೂ ಜೀವ ಹಿಡಿದುಕೊಂಡಿದ್ದದ್ದೂ ಇದೊಂದೇ.

ಈಗ ಅದರ ಹಳದಿ ಅಂಚಿನ ಏಳು ಎಲೆಗಳಲ್ಲಿ ನಾಲ್ಕು ಜೋತುಬಿದ್ದಿದ್ದವು.

"ತೋರಸಾಕ ತಂದೀನಿ, ಕೊಲ್ಲಾಕ ಅಲ್ಲ," ಎಂದಳು ಹಲ್ಲು ಕಚ್ಚಿ.

"ಕೊಂದವರು ನಿಮ್ಮ ಮನ್ಯಾಗ ಅದಾರ್ರಿ," ಎಂದ ಅವನು, ತಲೆ ಎತ್ತದೆ. "ವಾಸನಿ ನೋಡ್ರಿ."

ಅವನ ಹೆಸರು ಅಮರ, ನರ್ಸರಿ ಅವನದೇ. ಖಾನಾಪುರದ ಹತ್ತಿರದ ಬೀಡಿ ಎಂಬ ಊರಿನವನು. ಮೂವತ್ತರ ಹತ್ತಿರದ ವಯಸ್ಸು, ಮೊಣಕೈವರೆಗೂ ಮಣ್ಣು. ಮಾತನ್ನು ಅಳೆದು ತೂಗಿ ಆಡುವ ಅಭ್ಯಾಸ ಅವನಿಗಿರಲಿಲ್ಲ. ಬೇರಿನ ಒಂದೆಳೆಯನ್ನು ಬೆರಳಲ್ಲಿ ಒತ್ತಿ ತೋರಿಸಿದ. ಅದು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿ ಜಾರಿತು.

"ಬೇರು ಕೊಳತಾವು. ಯಾರೋ ದಿನಾ ನೀರು ಹಾಕ್ಯಾರ."

"ಹದಿನೈದು ದಿನಕ್ಕ ಒಂದ ಲೋಟ. ಅದಕ್ಕಿಂತ ಹೆಚ್ಚ ನಾ ಹಾಕೂದಿಲ್ಲ. ನಮ್ಮವ್ವ ಹೇಳಿಕೊಟ್ಟಾಳ."

"ಹಂಗಾರ ಬ್ಯಾರೆ ಯಾರೋ ಹಾಕ್ಯಾರ. ಮತ್ತ ಈ ಕುಂಡಕ್ಕ ಕೆಳಗ ತೂತ ಇಲ್ಲ. ನೀರು ಎಲ್ಲಿ ಹೋಗಬೇಕ್ರಿ? ಯಾರು ತಂದಿದ್ದು ಇದನ್ನ?"

ಸೃಷ್ಟಿ ಕುಂಡದಿಂದ ಕಣ್ಣು ತೆಗೆದಳು. "ಯಾರೋ ತಂದಾರ. ನನಗ ಗೊತ್ತಿಲ್ಲ."

ಸುಳ್ಳು. ನಮ್ಮ ಹುಡುಗಿ ಮುಖ ಮುರಿದಂತೆ ಮಾತಾಡುತ್ತಾಳೆ, ಆದರೆ ಸುಳ್ಳು ಹೇಳಲು ಬರುವುದಿಲ್ಲ. ಕಿವಿ ಕೆಂಪಾಗಿಬಿಡುತ್ತವೆ. ಮಾಲಾ ಈ ಗಿಡವನ್ನು ಪೇಂಟಿನ ಡಬ್ಬಿಯಲ್ಲಿ ಬೆಳೆಸಿದ್ದಳು, ಡಬ್ಬಿಯ ತಳಕ್ಕೆ ತಾನೇ ಮೊಳೆ ಹೊಡೆದು ತೂತು ಮಾಡಿದ್ದಳು. ಹೊಸ ಫ್ಲಾಟಿನ ಹಾಲಿನಲ್ಲಿ ಪೇಂಟಿನ ಡಬ್ಬಿ ಚೆಂದ ಕಾಣುವುದಿಲ್ಲವೆಂದು, ಕಳೆದ ದೀಪಾವಳಿಗೆ ಮೊಬೈಲಿನಲ್ಲಿ ಆರ್ಡರ್ ಮಾಡಿ ಈ ಬಿಳಿ ಕುಂಡ ತರಿಸಿದವಳು ಸೃಷ್ಟಿಯೇ.

ಅಮರ ಅವಳ ಕೆಂಪು ಕಿವಿಗಳನ್ನು ನೋಡಿದ. ಕುಂಡದ ಮಣ್ಣನ್ನು ಕೆದಕತೊಡಗಿದ. ಮೇಲ್ಮಣ್ಣಿನಲ್ಲಿ ಬೆರಳು ನಿಂತವು. ಬಿಲ್ವಪತ್ರೆಯ ಒಣ ಚೂರು, ಅದರ ಸುತ್ತ ವಿಭೂತಿಯ ಬಿಳಿ ಪದರ.

ಅವನಿಗೆ ಆಗಲೇ ಅರ್ಥವಾಯಿತು. ಲಿಂಗಪೂಜೆ ಮಾಡುವವರು ಪೂಜೆಯ ನೀರನ್ನು ಬಚ್ಚಲಿಗೆ ಚೆಲ್ಲುವುದಿಲ್ಲ, ಕಾಲು ತುಳಿಯುವ ಕಡೆಗೂ ಹಾಕುವುದಿಲ್ಲ. ಗಿಡದ ಬುಡಕ್ಕೆ ಹಾಕುತ್ತಾರೆ. ಮೂರನೇ ಮಹಡಿಯ ಮನೆಯಲ್ಲಿ ಇದ್ದ ಒಂದೇ ಗಿಡ ಇದು... ಯಾರೋ ಭಕ್ತಿಯಿಂದಲೇ ಇದನ್ನು ಮುಳುಗಿಸಿದ್ದರು.

ಹೇಳಬೇಕೆಂದು ಬಾಯಿ ತೆರೆದ. ಎದುರಿಗಿದ್ದ ಕಣ್ಣುಗಳನ್ನು ನೋಡಿದ. ಅವು ಯಾರ ಮೇಲೋ ಎರಗಲು ಕಾರಣ ಹುಡುಕುತ್ತಿದ್ದವು. ಆ ಚೂರನ್ನು ಮಣ್ಣಿನ ಜೊತೆಗೇ ಬಾಚಿ ಗೊಬ್ಬರದ ಗುಂಡಿಗೆ ಎಸೆದ.

"ಕೊಳತದ್ದು ಕೊಯ್ಯಬೇಕು. ಮೂರು ದಿನ ನೆರಳಾಗ ಒಣಗಬೇಕು. ಆಮ್ಯಾಲೆ ಉಸುಕಿನ ಮಣ್ಣಾಗ ಹಚ್ಚತೀನಿ. ಇಲ್ಲೇ ಬಿಟ್ಟ ಹೋಗ್ರಿ, ಆಯ್ತವಾರ ಬರ್ರಿ."

"ಇದು ಸತ್ತರ ನಿಮ್ಮ ಗೇಟಿನ ಮುಂದ ಬಂದು ಕುಂದ್ರತೀನಿ."

"ಬರ್ರಿ, ಕುಂದರ್ರಿ. ನೆರಳೈತಿ."

ಎಂಥ ಮನುಷ್ಯ ಇವನು... ಹೆಲ್ಮೆಟ್ ಹಾಕಿಕೊಂಡು ಸ್ಕೂಟಿ ಹತ್ತಿದಳು.

ಆ ರಾತ್ರಿ ಊಟದ ಮೇಜಿನಲ್ಲಿ ಸೃಷ್ಟಿ ಅಪ್ಪನಿಗೆ ಹೇಳಿದಳು, ಆದರೆ ಕೇಳಿಸಬೇಕಾದದ್ದು ಅಡುಗೆಮನೆಗೆ.

"ಅಪ್ಪಾ, ಬೀಡಿ ಊರಿನ ಅಮರ ಅಂತ, ಖಾನಾಪುರದಾಗ ನರ್ಸರಿ ಐತಿ. ಗಿಡ ಅಲ್ಲಿಟ್ಟ ಬಂದೀನಿ. ಯಾರೋ ದಿನಾ ನೀರು ಹಾಕಿ ಕೊಳಸ್ಯಾರಂತ."

ಗುರುಪುತ್ರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಯಾರ ಹಾಕ್ತಾರವ್ವಾ..."

"ಅವ್ವನ ಗುರುತು ಈ ಮನ್ಯಾಗ ಉಳೀಬಾರದು ಅಂದವರು."

ಅಡುಗೆಮನೆಯ ಬಾಗಿಲಲ್ಲಿ ಪಲ್ಯದ ಬಟ್ಟಲು ಹಿಡಿದು ಬರುತ್ತಿದ್ದ ಕಾಂತಾ ಅಲ್ಲಿಯೇ ನಿಂತುಬಿಟ್ಟರು.

ಐದು ತಿಂಗಳ ಹಿಂದೆ ಗುರುಪುತ್ರಪ್ಪ ಕಾಂತಾರನ್ನು ಮದುವೆಯಾಗಿದ್ದರು. ಮಠದಲ್ಲಿ, ಹತ್ತು ಜನರೆದುರು, ಸರಳವಾಗಿ. ಗಂಡನನ್ನು ಎಂದೋ ಕಳೆದುಕೊಂಡು ಬೀಡಿಯ ಅಂಗನವಾಡಿಯಲ್ಲಿ ಟೀಚರಾಗಿದ್ದ ಹೆಣ್ಣುಮಗಳು. ಮದುವೆಯ ದಿನ ಸೃಷ್ಟಿ ಡ್ಯೂಟಿಗೆ ಹೋಗಿದ್ದಳು. ಅಂದಿನಿಂದ ಇಂದಿನವರೆಗೆ ಅವಳು ಕಾಂತಾರ ಜೊತೆ ಒಂದು ಮಾತೂ ಆಡಿರಲಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಕಣ್ಣು ಪರೀಕ್ಷಿಸುತ್ತ ದಿನವಿಡೀ ಬಂದವರನ್ನೆಲ್ಲ "ಈಗ ಸ್ಪಷ್ಟ ಕಾಣ್ತದೇನ್ರಿ" ಎಂದು ಕೇಳುವ ಹುಡುಗಿ, ಮನೆಗೆ ಬಂದರೆ ಒಬ್ಬ ಹೆಂಗಸನ್ನು ಗೋಡೆಯಂತೆ ದಾಟಿ ಹೋಗುತ್ತಿದ್ದಳು.

'ನೀವು ಗಿಡಕ್ಕ ನೀರು ಹಾಕ್ತೀರೇನು?' ಇಷ್ಟೇ ಕೇಳಿದ್ದರೆ ಸಾಕಿತ್ತು. ಆದರೆ ಕೇಳಬೇಕೆಂದರೆ ಮಾತಾಡಬೇಕಲ್ಲ. ಅದು ಅವಳಿಂದ ಆಗಲಿಲ್ಲ.

ಕಾಂತಾ ಬಟ್ಟಲನ್ನು ಸದ್ದಿಲ್ಲದೆ ಮೇಜಿನ ಮೇಲಿಟ್ಟು ಒಳಗೆ ಹೋದರು.

ಭಾನುವಾರ ಬಂತು. ಅಮರ ಮೂರು ಗಟ್ಟಿ ಎಲೆಗಳನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಕೊಯ್ದು ಹಾಕಿದ್ದ. ಬೇರಿಲ್ಲದ ಆ ಎಲೆಗಳನ್ನು ಊರಿದ್ದು ಖಾನಾಪುರದ ಕುಂಬಾರರು ಮಾಡಿದ ಕೆಂಪು ಮಣ್ಣಿನ ಕುಂಡದಲ್ಲಿ, ತಳದಲ್ಲಿ ಹೆಬ್ಬೆರಳಿನಷ್ಟು ತೂತು, ಅದರ ಮೇಲೆ ಹಂಚಿನ ಚೂರು. ಬುಡದಲ್ಲಿ ಕೊಳೆಯದೆ ಉಳಿದಿದ್ದ ಗಡ್ಡೆಯ ಸಣ್ಣ ತುಂಡೊಂದನ್ನು ಬೇರೆ ಕುಂಡದಲ್ಲಿ ಹೂತಿದ್ದ.

"ನೀರು ಹಾಕಿಲ್ಲೇನು?"

"ಇಲ್ಲ."

"ಒಣಗಿ ಹೋಗ್ತಾವಲ್ರಿ."

"ನೀರಿಲ್ಲಂತ ಇದು ಲಗೂನ ಸಾಯೂದಿಲ್ರಿ. ಹೆಚ್ಚ ಪ್ರೀತಿ ಮಾಡಿದ್ರ ಸಾಯ್ತೈತಿ."

"ಉಪದೇಶ ಬ್ಯಾಡ. ದಿನಾ ಮುಂಜಾನೆ ಎಂಟಕ್ಕ ಫೋಟೋ ಕಳಸ್ರಿ."

ಅವನು ಕಳಿಸಿದ. ದಿನಾ ಎಂಟಕ್ಕೆ, ಒಂದೇ ಕೋನದಿಂದ, ಅಲುಗಾಡದ ಮೂರು ಎಲೆಗಳ ಒಂದೇ ಥರದ ಫೋಟೋ. ಅವಳು ಪ್ರತಿಸಲ ಒಂದು ತಪ್ಪು ಹುಡುಕಿ ಬರೆಯುತ್ತಿದ್ದಳು. ಬಲಗಡೆಯದು ಬಾಗಿದಂತಿದೆ. ಬಿಸಿಲು ಹೆಚ್ಚಾಯಿತು. ಅವನ ಉತ್ತರ ಯಾವಾಗಲೂ ಒಂದೇ. "ಗಿಡ ಆರಾಮ ಐತಿ. ನೀವ ಹೆಂಗಿದ್ದೀರಿ?"

ಅದಕ್ಕೆ ಅವಳು ಉತ್ತರ ಬರೆಯುತ್ತಿರಲಿಲ್ಲ. ಓದುತ್ತಿದ್ದಳು, ಅಷ್ಟೇ. ಎರಡೆರಡು ಸಲ.

ಆಯ್ತವಾರಗಳು ಜಗಳದಲ್ಲೇ ಕಳೆದವು. ಎಲೆಗೆ ಬೇರು ಬಂತೋ ಇಲ್ಲವೋ ಎಂದು ಮಣ್ಣು ಕೆದಕಲು ಹೋದ ಅವಳ ಕೈಗೆ ಅವನು ಒಮ್ಮೆ ಫಟ್ಟನೆ ಹೊಡೆದ. ಅವಳು ಅರ್ಧ ಗಂಟೆ ಮುಖ ಊದಿಸಿಕೊಂಡು ಕೂತಳು. ಆಮೇಲೆ ಅವನು ಕೊಟ್ಟ ಚಹಾ ಕುಡಿದಳು. ಅವ್ವನ ಬಗ್ಗೆ ಮಾತಾಡಿದಳು. ಆಸ್ಪತ್ರೆಯಲ್ಲಿ ಕಳೆದ ಕಡೆಯ ಹದಿನೆಂಟು ದಿನಗಳನ್ನು ಹೇಳಿದಳು. ಅಪ್ಪನ ಮೇಲಿನ ಸಿಟ್ಟು, ಡಾಕ್ಟರರ ಮೇಲಿನ ಸಿಟ್ಟು, "ಆಕಿ" ಎಂದಷ್ಟೇ ಕರೆಯುವ ಕಾಂತಾರ ಮೇಲಿನ ಸಿಟ್ಟು...

ಅಮರ ಕೇಳಿಸಿಕೊಂಡ. ಆಕಿಯ ಮಾತು ಬಂದಾಗಲೆಲ್ಲ ನೆಲ ನೋಡಿದ.

ಒಂದು ಬುಧವಾರ ಎಂಟಕ್ಕೆ ಫೋಟೋ ಬರಲಿಲ್ಲ. ಎಂಟೂಕಾಲು. ಎಂಟೂವರೆ. ಸೃಷ್ಟಿ ರೋಗಿಯೊಬ್ಬರಿಗೆ ತಪ್ಪು ನಂಬರಿನ ಗಾಜು ಹಾಕಿ ಬೈಸಿಕೊಂಡಳು. ಒಂಬತ್ತಕ್ಕೆ ಫೋಟೋ ಬಂತು, ಜೊತೆಗೆ "ಜ್ವರ ಬಂದಿತ್ತು" ಎಂಬ ಒಂದು ಸಾಲು. ಅವಳು ಫೋಟೋ ನೋಡಲೇ ಇಲ್ಲ. 'ಔಷಧಿ ತಗೊಂಡಾನೋ ಇಲ್ಲೋ... ಒಬ್ಬನ ಇರ್ತಾನ... ಊಟ ಮಾಡ್ಯಾನೋ ಇಲ್ಲೋ...'

ತಾನು ಕಾಯುತ್ತಿದ್ದದ್ದು ಎಲೆಗಳಿಗಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಅದಕ್ಕೂ ಸಿಟ್ಟೇ ಬಂತು, ತನ್ನ ಮೇಲೆ.

ಮರುದಿನ ಗುರುವಾರ ರಜೆ ಹಾಕಿದಳು. ಅವನಿಗೆ ಹೇಳಲಿಲ್ಲ. ಡಬ್ಬಿಯಲ್ಲಿ ಗಂಜಿ ಕಟ್ಟಿಕೊಂಡು ಖಾನಾಪುರಕ್ಕೆ ಹೊರಟಳು. ದಾರಿಯುದ್ದಕ್ಕೂ ಮೊದಲ ಮಾತು ಏನಾಡಬೇಕೆಂದು ಹೊಂದಿಸಿಕೊಂಡಳು. ಇವತ್ತು ಜಗಳ ಆಡಬಾರದು ಎಂದುಕೊಂಡಳು.

ನರ್ಸರಿಯ ಹಸಿರು ಪರದೆ ಸರಿಸಿದಳು.

ಅವ್ವನ ಗಿಡದ ಕುಂಡದ ಮುಂದೆ ಕಾಂತಾ ಕೂತಿದ್ದರು. ಎಲೆಯ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಪಕ್ಕದಲ್ಲಿ ಅಮರ ಮೊಣಕಾಲೂರಿ ಕೂತು, "ಅಳಬ್ಯಾಡ್ರಿ ಟೀಚರ್, ಬೇರು ಬಿಟ್ಟಾವು," ಎನ್ನುತ್ತಿದ್ದ.

ಗಂಜಿಯ ಡಬ್ಬಿ ನೆಲಕ್ಕೆ ಬಿತ್ತು.

"ಓಹೋ," ಎಂದಳು ಸೃಷ್ಟಿ. ದನಿ ಅವಳದೇ ಅನಿಸಲಿಲ್ಲ. "ಇಬ್ಬರೂ ಕೂಡಿ ನನಗ ಹುಚ್ಚಿ ಮಾಡೀರಿ."

ಕಾಂತಾ ಧಡಕ್ಕನೆ ಎದ್ದರು. "ಅವ್ವಾ ಸೃಷ್ಟಿ, ಅವನದೇನೂ ತಪ್ಪಿಲ್ಲ. ನಾನ ಹೇಳಬ್ಯಾಡ ಅಂದಿದ್ದೆ. ಲಿಂಗಪೂಜಿ ನೀರು... ದಿನಾ ನಾನ ಹಾಕ್ತಿದ್ದೆ. ಅದರಿಂದ ಹಿಂಗ ಆಕ್ಕೈತಿ ಅಂತ ಗೊತ್ತಿದ್ದಿಲ್ಲವ್ವಾ."

ಸೃಷ್ಟಿ ಅವರ ಕಡೆ ತಿರುಗಲಿಲ್ಲ. ಕಣ್ಣು ಅಮರನ ಮೇಲೇ ಇತ್ತು. "ನಿಮಗ ಯಾವಾಗ ಗೊತ್ತಾತು?"

"ನೀರಿಂದು ಮೊದಲನೇ ದಿನಾನ ಗೊತ್ತಾತು. ಹಾಕಿದವರು ನಮ್ಮ ಟೀಚರ್ ಅಂತ ನೀವು ಗಿಡ ತಂದ ವಾರದ ಗುರುವಾರ ಗೊತ್ತಾತು. ಬಸ್ಸಿಗೆ ಬಂದು ಅತ್ತರು. ಆವತ್ತಿಂದ ಗುರುವಾರಕ್ಕೊಮ್ಮೆ ಬರ್ತಾರ. ನನಗ ಅಕ್ಷರ ಕಲಿಸಿದವರ್ರಿ ಅವರು."

"ನಾ ಇಲ್ಲಿ ಕುಂತು ಎಲ್ಲಾ ಹೇಳಿಕೊಂಡೆ. ನಮ್ಮವ್ವನ ಸಾವು ಹೇಳಿಕೊಂಡೆ. ನೀವು ನನ್ನ ಮಾರಿ ನೋಡಿಕೋತ ಸುಮ್ಮನ ಕುಂತಿದ್ರಿ."

"ಹೌದು. ತಪ್ಪಾತು."

"ತಪ್ಪಲ್ಲ ಇದು, ಮೋಸ."

ಇಷ್ಟು ದಿನ ಎಲ್ಲವನ್ನೂ ನುಂಗಿಕೊಂಡಿದ್ದ ಅಮರನ ತಾಳ್ಮೆ ಅಲ್ಲಿಗೆ ಹರಿಯಿತು. "ಆತು, ನಂದು ಮೋಸ. ನಿಮ್ಮದೇನ್ರಿ? ಐದಾರು ತಿಂಗಳು ಒಂದ ಮನ್ಯಾಗ ಇದ್ದು ಅವರನ್ನ ಒಂದ ಮಾತು ಕೇಳಿಲ್ಲ ನೀವು. ಕೇಳಿದ್ರ ಅವತ್ತ ಮುಗೀತಿತ್ತು. ಗಿಡ ಹಿಂಗ ಆಗ್ತಿದ್ದಿಲ್ಲ."

ಅವಳ ಮುಖ ಬಿಳಚಿಕೊಂಡಿತು. ಗಿಡ ಕೊಡಿ ಎನ್ನಬೇಕೆಂದಿದ್ದಳು. ಅದನ್ನೂ ಕೇಳದೆ ತಿರುಗಿ ನಡೆದಳು. ದಾರಿಯಲ್ಲಿ ದೇಸೂರು ದಾಟುವಷ್ಟರಲ್ಲಿ ಸ್ಕೂಟಿ ನಿಲ್ಲಿಸಿ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಮರುದಿನ ನಸುಕಿನಲ್ಲೇ ಎದ್ದು ಬ್ಯಾಗಿಗೆ ಬಟ್ಟೆ ತುಂಬಿಕೊಂಡಳು. ಆಸ್ಪತ್ರೆಯ ಹತ್ತಿರದ ಪೀಜಿಯೊಂದರಲ್ಲಿ ಕೋಣೆ ಇತ್ತು. ಇನ್ನು ಈ ಮನೆ ಸಾಕು. ಯಾರೂ ಏಳುವ ಮೊದಲೇ ಹೋಗಿಬಿಡಬೇಕು.

ಹಾಲಿಗೆ ಬಂದರೆ ದೀಪ ಉರಿಯುತ್ತಿತ್ತು.

ಕಾಂತಾ ನೆಲದ ಮೇಲೆ ಕೂತು ಪೂಜೆ ಮುಗಿಸುತ್ತಿದ್ದರು. ಎಡ ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿತ್ತು. ಲಿಂಗವನ್ನು ಒರೆಸಿ ಕಟ್ಟಿಕೊಂಡರು. ಪೂಜೆಯ ನೀರಿನ ಬಟ್ಟಲು ಹಿಡಿದು ಎದ್ದರು. ಮೊದಲು ಗಿಡವಿದ್ದ ಖಾಲಿ ಮೂಲೆಯನ್ನೊಮ್ಮೆ ನೋಡಿದರು. ಆಮೇಲೆ ಬಾಗಿಲು ತೆರೆದು ಮೆಟ್ಟಿಲಿಳಿಯತೊಡಗಿದರು. ಲಿಫ್ಟ್ ಇಲ್ಲದ ಕಟ್ಟಡ. ಮೊಣಕಾಲು ನೋವಿನ ಹೆಂಗಸು ಒಂದೊಂದೇ ಮೆಟ್ಟಿಲಿಗೆ ಗೋಡೆ ಹಿಡಿದು ನಿಂತು ಇಳಿದರು.

ಸೃಷ್ಟಿ ಕಿಟಕಿಯಿಂದ ನೋಡಿದಳು. ಕಾಂಪೌಂಡಿನ ಹೊಂಗೆ ಮರದ ಬುಡಕ್ಕೆ ನೀರೆರೆದು, ಮರವನ್ನು ಮುಟ್ಟಿ ನಮಸ್ಕರಿಸಿ, ಮತ್ತೆ ಮೂರು ಮಹಡಿ ಹತ್ತಿ ಬಂದರು. ಗಿಡ ಖಾನಾಪುರಕ್ಕೆ ಹೋದಂದಿನಿಂದ ಇದೇ ನಡೆದಿತ್ತು. ಅವಳು ಆ ಹೊತ್ತಿಗೆ ಎದ್ದಿದ್ದೇ ಇಲ್ಲ.

ಕಾಂತಾ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತರು. ಅವಳನ್ನು ನೋಡಿದರು, ಬ್ಯಾಗನ್ನು ನೋಡಿದರು.

"ಯಾಕ ಅದನ್ನ ಆರಿಸಿಕೊಂಡ್ರಿ?" ಸೃಷ್ಟಿಯ ದನಿ ಒರಟಾಗಿಯೇ ಇತ್ತು. ಆದರೆ ಅದು ಅವರೊಂದಿಗೆ ಅವಳು ತಾನಾಗಿ ಎತ್ತಿದ ಮೊದಲ ಮಾತು. "ಮೊದಲನೇ ದಿನಾನ ಈ ಮರ ಇದ್ದಿಲ್ಲೇನು?"

ಕಾಂತಾ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇತ್ತು. ಆದ್ರ ಈ ಗಿಡ ಮಾಲಕ್ಕಂದು ಅಂತ ನಿಮ್ಮಪ್ಪ ಹೇಳಿದ್ರು. ಆಕಿ ಮನಿಗೆ ಬಂದೀನಿ, ಆಕಿ ಪಾತ್ರಿ ಭಾಂಡೆ ಮುಟ್ಟತೀನಿ, ಆಕಿ ಮಗಳಿಗೆ ಅಡಗಿ ಮಾಡ್ತೀನಿ... ಹೇಳದ ಕೇಳದ ಬಂದಂಗ ಆತಲ್ಲ ಅಂತ ಅನಸ್ತಿತ್ತು. ದಿನಾ ಪೂಜಿ ಆದಮ್ಯಾಲೆ ಆಕಿಗೆ ಹೇಳಿ ಒಂದ ಬಟ್ಟಲ ನೀರು ಹಾಕ್ತಿದ್ದೆ. ಇರಾಕ ಕೊಡವ್ವಾ ಅಂತ."

ಸೃಷ್ಟಿ ಬ್ಯಾಗನ್ನು ಕೆಳಗಿಟ್ಟಳು.

ಮುಂದೆ ಬಂದು ಅವರ ಕೈಯಿಂದ ಬಟ್ಟಲು ತೆಗೆದುಕೊಂಡಳು.

"ನಾಳಿಂದ ಇದನ್ನ ಕೆಳಗ ನಾ ಒಯ್ತೀನಿ. ನೀವು ಇಳೀಬ್ಯಾಡ್ರಿ, ಚಿಗವ್ವಾ."

ಚಿಕ್ಕಮ್ಮ ಎನಿಸಿಕೊಂಡ ಕಾಂತಾ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬ್ಯಾಗು ಬಾಗಿಲ ಬಳಿಯೇ ಉಳಿಯಿತು. ಮಧ್ಯಾಹ್ನ ಅದನ್ನು ಬಿಚ್ಚಿ ಬಟ್ಟೆ ಮಡಚಿಟ್ಟವರೂ ಅವರೇ.

ಆಯ್ತವಾರ ಸೃಷ್ಟಿ ಖಾನಾಪುರಕ್ಕೆ ಹೋದಳು. ಕ್ಷಮೆ ಕೇಳಲು ಹೋದಳು ಎಂದು ನೀವು ಅಂದುಕೊಂಡರೆ ಅವಳು ನಿಮಗೆ ಇನ್ನೂ ಅರ್ಥವಾಗಿಲ್ಲ.

ಅಮರ ಸಲಿಕೆಯಿಂದ ಚೀಲಕ್ಕೆ ಮಣ್ಣು ತುಂಬುತ್ತಿದ್ದ. ಅವಳನ್ನು ಕಂಡು ಸಲಿಕೆ ಬಿಟ್ಟ. ಮೂರು ದಿನದಲ್ಲಿ ಮುಖ ಇಳಿದುಹೋಗಿತ್ತು.

"ಇನ್ನೂ ಏನೇನ ಮುಚ್ಚಿಟ್ಟೀರಿ, ಎಲ್ಲಾ ಈಗ ಹೇಳ್ರಿ," ಎಂದಳು. "ಆಮ್ಯಾಲೆ ಗೊತ್ತಾತಂದ್ರ ಈ ರಸ್ತಾಕ್ಕ ನಾ ತಿರುಗಿ ಕಾಲಿಡಂಗಿಲ್ಲ."

ಅವನು ಗಡ್ಡೆ ಹೂತಿದ್ದ ಕುಂಡದ ಕಡೆ ನೋಡಿದ. ಹೇಳಿದರೆ ಹೋಗಿಬಿಡುತ್ತಾಳೆ. ಹೇಳದಿದ್ದರೆ ಇದ್ದೂ ಇಲ್ಲದಂತೆ.

"ಗಡ್ಡಿ ಉಳೀಲಿಲ್ರಿ. ಎರಡನೇ ವಾರದಾಗ ಅದೂ ಕೊಳತ ಹೋತು. ತಗದ ಒಗದೆ. ನಿಮಗ ಹೇಳಾಕ ಬಾಯಿ ಬರಲಿಲ್ಲ."

ಅವಳ ಮುಷ್ಟಿ ಬಿಗಿಯಿತು. "ಮತ್ತ?"

"ಮೂರು ಎಲಿ ಬೇರು ಬಿಟ್ಟಾವು. ಅವು ಬದುಕ್ತಾವು, ಮರಿ ಹಾಕ್ತಾವು. ಆದ್ರ ಹಳದಿ ಅಂಚು ಗಡ್ಡಿಯಿಂದ ಬಂದ ಮರಿಗಷ್ಟ, ಎಲಿಯಿಂದ ಬಂದ ಮರಿಗೆ ಬರಂಗಿಲ್ಲ. ಬರೇ ಹಸರ. ನಿಮ್ಮವ್ವ ಹಚ್ಚಿದಂಥಾದ್ದು ಇನ್ನ ಆಗಂಗಿಲ್ರಿ."

ಸೃಷ್ಟಿ ಗೊಬ್ಬರದ ಚೀಲದ ಮೇಲೆ ಕುಸಿದು ಕೂತಳು.

ಅವ್ವನನ್ನು ಮಣ್ಣು ಮಾಡಿದ ದಿನ ಅವಳು ಅತ್ತಿರಲಿಲ್ಲ. ಡಾಕ್ಟರರ ಜೊತೆ ಜಗಳಾಡಿದ್ದಳು, ಅಪ್ಪನ ಮೇಲೆ ರೇಗಿದ್ದಳು. ಎರಡು ವರ್ಷ ರೇಗುತ್ತಲೇ ಇದ್ದಳು, ಯಾಕೆಂದರೆ ರೇಗುವವರೆಗೆ ಅಳಬೇಕಾಗಿರಲಿಲ್ಲ. ಇವತ್ತು ರೇಗಲು ಯಾರೂ ಉಳಿದಿರಲಿಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ಎದುರಿಗೆ ನೆಲದ ಮೇಲೆ ಕೂತ.

"ಆ ಬಿಳಿ ಕುಂಡ ನಾನ ತಂದಿದ್ದೆ," ಎಂದಳು ಕಡೆಗೆ. "ಅವ್ವನ ಡಬ್ಬಿ ಒಗದು. ಚಂದ ಕಾಣಲಿ ಅಂತ."

"ಗೊತ್ತಿತ್ತು."

"ಗೊತ್ತಿದ್ದೂ ಮೊನ್ನೆ ಚಿಗವ್ವನ ಮುಂದ ಯಾಕ ಹೇಳಲಿಲ್ಲ? ನಾ ಅಷ್ಟ ಬೈದ್ನಿ."

"ಅದನ್ನ ಹೇಳಿ ಗೆಲ್ಲೂದು ನನಗ ಬ್ಯಾಡಾಗಿತ್ತು."

ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ಇನ್ನೂ ಏನರೆ ಉಳದೈತೇನು ಹೇಳೂದು?"

"ಒಂದೈತಿ." ಅವನ ದನಿ ಸಣ್ಣದಾಯಿತು. "ಮೊದಲಿಗೆ ಟೀಚರ್ ಸಲುವಾಗಿ ಸುಮ್ಮನಿದ್ದೆ. ಆಮ್ಯಾಲೆ ನನ್ನ ಸಲುವಾಗಿ. ಖರೇ ಹೇಳಿದ್ರ ನೀವು ಗಿಡ ತಗೊಂಡ ಹೋಗ್ತಿದ್ರಿ. ಆಯ್ತವಾರ ಬಂದು ಬಯ್ಯಾವರು ಯಾರೂ ಇರ್ತಿದ್ದಿಲ್ಲ. ನನಗ ನೀವು ಬೇಕ್ರಿ, ಸೃಷ್ಟಿ. ಬೈದ್ರೂ ಬೇಕು."

ರಸ್ತೆಯಲ್ಲಿ ಗೋವಾ ಕಡೆಯ ಲಾರಿಯೊಂದು ಹಾದುಹೋಯಿತು.

"ಚಿಗವ್ವ ಮಧ್ಯಾಹ್ನ ಊಟಕ್ಕ ಕರಕೊಂಡ ಬಾ ಅಂದಾಳ," ಎಂದಳು ನೆಲ ನೋಡುತ್ತ. "ಅಪ್ಪನ ಮುಂದ ಏನ್ ಹೇಳತಿ, ಅದನ್ನ ಈಗ ಯೋಚನಿ ಮಾಡಿಟ್ಟಕೊ. ಅಲ್ಲಿ ಬಂದು ಬಾಯಿ ಕಟ್ಟಿದ್ರ ನಾ ಸುಮ್ಮನ ಇರಂಗಿಲ್ಲ."

ಅಮರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಕೈಯ ಮಣ್ಣು ಉಜ್ಜಿಕೊಂಡ.

"ಹಂಗಾರ... ಸಿಟ್ಟು ಹೋತೇನು?"

"ಇಲ್ಲ. ಇನ್ನೂ ಐತಿ. ಭಾಳ ಐತಿ."

"ಎಷ್ಟ ದಿನ ಇರ್ತೈತಿ?"

"ನನಗೇನ ಗೊತ್ತು," ಎಂದಳು ಸೃಷ್ಟಿ, ಚೀಲದ ಮೇಲೆ ಒಂದು ಬದಿಗೆ ಸರಿದು ಜಾಗ ಮಾಡುತ್ತ. "ಬಾಜೂಕ ಕುಂತು ನೋಡು."